ಹಾಳೆಗೊಂದು ಸಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಹಿಂದಿನ ಓಣಿಯಲ್ಲಿ ಒಂದು ಕಬ್ಬಿಣದ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಬಗ್ಗಿ ಒಳಗೆ ಹೋದರೆ ಮೊದಲು ಮೂಗಿಗೆ ತಾಗುವುದು ಹಸಿ ಶಾಯಿಯ ವಾಸನೆ, ಆಮೇಲೆ ಹುಳಿತ ಅಂಟಿನದು. ಕಣ್ಣು ಮಬ್ಬಿಗೆ ಒಗ್ಗಿದ ಮೇಲೆ ಸೊಂಟದೆತ್ತರಕ್ಕೆ ಪೇರಿಸಿದ ಕಾಗದದ ಅಟ್ಟಿಗಳು ಕಾಣುತ್ತವೆ. ಅವುಗಳ ನಡುವೆ, ಇದ್ದೊಂದು ಟ್ಯೂಬ್‌ಲೈಟಿನ ಕೆಳಗೆ, ಉದ್ದನೆಯ ಮರದ ಮೇಜಿಗೆ ಸೊಂಟ ಆನಿಸಿ ಒಬ್ಬ ಹೆಂಗಸು ನಿಂತಿದ್ದಾರೆ. ದೊಡ್ಡ ಹಾಳೆಯೊಂದನ್ನು ಎಳೆದುಕೊಂಡು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಾರೆ. ಬಿದಿರಿನ ಪಟ್ಟಿಯಿಂದ ಮಡಿಕೆಯ ಮೇಲೆ ಒಮ್ಮೆ ಎಳೆಯುತ್ತಾರೆ. ತಿರುಗಿಸಿ ಮತ್ತೊಂದು ಮಡಿಕೆ, ಮತ್ತೆ ಪಟ್ಟಿ. ಮೂರನೆಯ ಮಡಿಕೆಗೆ ಮೇಜಿನಗಲದ ಹಾಳೆ ಪುಸ್ತಕದಳತೆಗೆ ಬಂದಿರುತ್ತದೆ. ಅದನ್ನು ಎಡಕ್ಕೆ ಸರಿಸುವಷ್ಟರಲ್ಲಿ ಬಲಗೈ ಮುಂದಿನ ಹಾಳೆಯ ಮೇಲಿರುತ್ತದೆ.

ಹತ್ತಿರ ನಿಂತು ನೋಡಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಪ್ರತಿ ಹಾಳೆಯನ್ನು ಮಡಿಸುವ ಮೊದಲು ಇವರ ಕಣ್ಣು ಅದರ ಮೇಲೆ ರೆಪ್ಪೆ ಬಡಿಯುವಷ್ಟು ಹೊತ್ತು ನಿಲ್ಲುತ್ತದೆ. ತುಟಿ ಸಣ್ಣಗೆ ಆಡುತ್ತದೆ. ಇವರು ಓದುತ್ತಿದ್ದಾರೆ.

"ಮಾತಾಡ್ಸಿ, ಪರವಾಗಿಲ್ಲ," ಪತ್ರಿಕೆಗೆ ಬರೆಯಲೆಂದು ಬಂದ ನನಗೆ ಅನ್ನುತ್ತಾರೆ, ತಲೆಯೆತ್ತದೆ. "ಕೈಗೆ ಕಿವಿ ಇಲ್ಲ. ಅದರ ಪಾಡಿಗೆ ಅದು ಕೆಲಸ ಮಾಡ್ಕೊಂಡಿರುತ್ತೆ."

ಈ ಬೈಂಡಿಂಗ್ ಮನೆಯಲ್ಲಿ ಎಲ್ಲರಿಗೂ ಇವರು ಚಿಕ್ಕಕ್ಕ. ಅರವತ್ತು ದಾಟಿದೆ. ಬಲಗೈ ಹೆಬ್ಬೆರಳಿನ ಉಗುರು ಸವೆದು ಅರ್ಧಚಂದ್ರದಷ್ಟೇ ಉಳಿದಿದೆ. ಇವರ ಕೆಲಸ ಏನೆಂದು ಹೇಳಬೇಕಾದರೆ ಪುಸ್ತಕ ಹುಟ್ಟುವ ಬಗೆಯನ್ನು ಸ್ವಲ್ಪ ಹೇಳಬೇಕು. ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ ಹದಿನಾರು ಪುಟ ಅಚ್ಚಾಗುತ್ತವೆ. ಅದಕ್ಕೆ ಇಲ್ಲಿ ಫಾರಂ ಅನ್ನುತ್ತಾರೆ. ಇನ್ನೂರು ಚಿಲ್ಲರೆ ಪುಟದ ಕಾದಂಬರಿಗೆ ಹದಿಮೂರು ಫಾರಂ. ಒಂದು ಫಾರಂನ ಹಾಳೆ ಇನ್ನೊಂದರಲ್ಲಿ ಸೇರಿದರೆ ಪುಸ್ತಕವೇ ಕೆಟ್ಟಿತು. ಅದಕ್ಕೇ ಒಬ್ಬರಿಗೆ ಒಂದೇ ಫಾರಂ ಎನ್ನುವುದು ಮಾಲೀಕರ ಕಟ್ಟಪ್ಪಣೆ. ಹಾಗಾಗಿ ಪ್ರತಿ ಪುಸ್ತಕದಲ್ಲಿ ಚಿಕ್ಕಕ್ಕನ ಪಾಲಿಗೆ ಬರುವುದು ಹದಿನಾರು ಪುಟ ಮಾತ್ರ. ಅದಕ್ಕೆ ಮೊದಲು ಏನಾಗಿತ್ತು, ಮುಂದೆ ಏನಾಗುತ್ತದೆ ಎನ್ನುವುದೆಲ್ಲ ಬೇರೆಯವರ ಕೈಯಲ್ಲಿರುತ್ತದೆ.

"ನಿಂತು ಓದೋಕೆ ಆಗಲ್ಲ. ಹಾಳೆಗೊಂದು ಸಾಲು, ಅಷ್ಟೆ. ಈ ಹಾಳೇಲಿ ಒಂದು ಸಾಲು, ಮುಂದಿನ ಹಾಳೇಲಿ ಅದರ ಕೆಳಗಿನ ಸಾಲು. ಸಾವಿರ ಪ್ರತಿ ಹಾಕಿದ್ರೆ ನನ್ನ ಫಾರಂ ಎರಡು ಸಲ ಓದಿದ ಹಾಗೆ. ಐನೂರು ಹಾಕಿದ್ರೆ ಒಂದೇ ಸಲ. ಈಗೀಗ ಮುನ್ನೂರು ಹಾಕ್ತಾರೆ. ಕತೆ ನಡುದಾರೀಲೇ ನಿಂತುಹೋಗುತ್ತೆ."

ಮಡಿಸದ ಹಾಳೆಯಲ್ಲಿ ಅರ್ಧಕ್ಕರ್ಧ ಪುಟಗಳು ತಲೆಕೆಳಗಾಗಿರುತ್ತವೆ. ಚಿಕ್ಕಕ್ಕನಿಗೆ ಅದು ಲೆಕ್ಕಕ್ಕಿಲ್ಲ. "ಬಸ್ಸಲ್ಲಿ ಎದುರು ಕೂತವರ ಮಡಿಲಲ್ಲಿರೋ ಪೇಪರ್ ನನಗೆ ಸಲೀಸು. ಅವರೇ ತಿರುಗಿಸಿ ಕೊಟ್ರೆ ಒಂಚೂರು ತಡವರಿಸ್ತೀನಿ."

ಇವರು ಇಲ್ಲಿಗೆ ಬಂದದ್ದು ಓದುವ ಆಸೆಗಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಮದುವೆಯಾಗಿ ಬಂದ ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು. ತಮ್ಮನ ಹೆಂಡತಿ ಇವರು, ಅಣ್ಣನ ಹೆಂಡತಿ ದೊಡ್ಡಕ್ಕ. ಒಂದೇ ಮನೆ, ಒಂದೇ ಒಲೆ. ಚಿಕ್ಕಕ್ಕ ಅಂಗಿ ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದರು. ಮಕ್ಕಳಿಲ್ಲದ ದೊಡ್ಡಕ್ಕ ಮನೆ ನೋಡಿಕೊಳ್ಳುತ್ತಿದ್ದರು. ಚಿಕ್ಕಕ್ಕನ ಮಗ ಬೆಳೆದದ್ದು ದೊಡ್ಡಕ್ಕನ ಸೊಂಟದ ಮೇಲೆ. ಅವನು ಇಬ್ಬರನ್ನೂ ಅಮ್ಮ ಎಂದೇ ಕರೆಯುತ್ತಿದ್ದ.

"ಅವನಿಗೆ ನಾಲ್ಕು ವರ್ಷ. ಹಿಂದಿನ ದಿನದಿಂದ ಜ್ವರ ಇತ್ತು. ಅಂಗಡಿಯವರು ರಜ ಕೊಡಲ್ಲ ಅಂದ್ರು. ಅಕ್ಕನ ಹತ್ರ ಬಿಟ್ಟು ಹೋದೆ. ಸಾಯಂಕಾಲ ಬರೋ ಹೊತ್ತಿಗೆ ಬಾಗಿಲ ಮುಂದೆ ಜನ." ಬಿದಿರಿನ ಪಟ್ಟಿ ಮಡಿಕೆಯ ಮೇಲೆ ಎರಡು ಸಲ ಹೆಚ್ಚಿಗೆ ಓಡುತ್ತದೆ. "ಎಲ್ಲರ ಮುಂದೆ ಬೆರಳು ಮಾಡಿ ಹೇಳಿದೆ. ನೀನೇ ಕೊಂದೆ ಅಂತ. ಅವಳು ಒಂದು ಮಾತೂ ಆಡಲಿಲ್ಲ."

ಆ ತಿಂಗಳಲ್ಲೇ ಅಣ್ಣತಮ್ಮಂದಿರು ಮನೆಯ ನಡುವೆ ಹಲಗೆಯ ಗೋಡೆ ನಿಲ್ಲಿಸಿದರು. ಒಂದು ಮನೆಗೆ ಎರಡು ಬಾಗಿಲಾದವು, ಜಗುಲಿ ಮಾತ್ರ ಒಂದೇ ಉಳಿಯಿತು. ಓರಗಿತ್ತಿಯರಿಬ್ಬರ ಮಾತು ನಿಂತಿತು. ಆಮೇಲೆ ದೊಡ್ಡಕ್ಕನ ಗಂಡ ಹಾಸಿಗೆ ಹಿಡಿದರು, ದೊಡ್ಡಕ್ಕ ದುಡಿಯಲು ಬೈಂಡಿಂಗ್ ಮನೆಗೆ ಬಂದರು. ಕೆಲವು ವರ್ಷದ ಮೇಲೆ ಚಿಕ್ಕಕ್ಕನ ಗಂಡ ಎದೆನೋವಿನಿಂದ ಹೋದರು, ಅಂಗಿ ಅಂಗಡಿಯೂ ಬಾಗಿಲು ಹಾಕಿತು. ಊರಲ್ಲಿ ಆಗ ಹೆಂಗಸರಿಗೆ ಕೆಲಸ ಇದ್ದದ್ದು ಈ ಶಟರ್‌ನ ಒಳಗೆ ಮಾತ್ರ.

"ಅವಳಿದ್ದಾಳೆ ಅಂತ ಗೊತ್ತಿದ್ದೇ ಬಂದೆ. ಹೊಟ್ಟೆ ಕೇಳಬೇಕಲ್ಲ. ಮಾಲೀಕರಿಗೆ ನಮ್ಮ ವಿಷಯ ಏನೂ ಗೊತ್ತಿಲ್ಲ ಪಾಪ. ಒಂದೇ ಮನೆಯವರು ಅಂತ ತಿಳಿದು ಪಕ್ಕಪಕ್ಕದಲ್ಲೇ ನಿಲ್ಲಿಸಿದ್ರು."

ಎರಡು ವರ್ಷ ಹಾಗೇ ನಿಂತರು, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಅಂಟಿನ ಡಬ್ಬಿ ಬೇಕಾದರೆ ಮೂರನೆಯವಳಿಗೆ ಹೇಳುತ್ತಿದ್ದರು. ಅವಳು ದೊಡ್ಡಕ್ಕನ ಮುಂದಿನಿಂದ ಎತ್ತಿ ಚಿಕ್ಕಕ್ಕನ ಮುಂದೆ ಇಡುತ್ತಿದ್ದಳು. ಆ ಮೂರನೆಯವಳು ಒಂದು ದಿನ ಬೇಸತ್ತು, "ನನ್ನ ಸಂಬಳದಲ್ಲಿ ಅರ್ಧ ನಿಮ್ಮಿಬ್ಬರ ಅಂಟಿಗೇ ಆಯ್ತು," ಅಂದಳಂತೆ. ಇಬ್ಬರೂ ನಗಲಿಲ್ಲ.

ಆಗ ಬರುತ್ತಿದ್ದದ್ದು ಹೆಚ್ಚಾಗಿ ಶಾಲೆಯ ಗೈಡು, ಕಾನೂನಿನ ಪುಸ್ತಕ, ಮನೆಮದ್ದಿನ ಪುಸ್ತಕ. ಕಣ್ಣು ಹಾಯಿಸುವಂಥದ್ದೇನೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಕಾದಂಬರಿಯೊಂದು ಬಂತು. ಆರನೆಯ ಫಾರಂ ಚಿಕ್ಕಕ್ಕನಿಗೆ, ಏಳನೆಯದು ದೊಡ್ಡಕ್ಕನಿಗೆ. ಬರೆದವರು ಯಾರೆಂದು ತಿಳಿಯುವಂತಿಲ್ಲ. ಹೆಸರಿರುವುದು ಮೊದಲ ಫಾರಂನಲ್ಲಿ, ಅದು ಮೇಜಿನ ಆಚೆ ತುದಿಗಿತ್ತು. ಚಿಕ್ಕಕ್ಕನ ಹದಿನಾರು ಪುಟದಲ್ಲಿದ್ದದ್ದು ಇಷ್ಟೆ: ಅಕ್ಕತಂಗಿಯರಿಬ್ಬರು ಮುನಿಸಿಕೊಂಡಿದ್ದಾರೆ, ತಂಗಿ ಬಿಸಿಲಲ್ಲಿ ಊರು ದಾಟಿ ಅಕ್ಕನ ಮನೆಗೆ ನಡೆಯುತ್ತಾಳೆ.

"ಏನೂ ಆಗಲ್ಲ ಅದರಲ್ಲಿ. ಒಬ್ಬಳು ನಡೀತಾಳೆ ಅಷ್ಟೆ. ಆದ್ರೆ ದಾರೀಲಿ ಅವಳು ಏನೇನು ನೋಡಿದ್ಲೋ ಅದೆಲ್ಲ ನಾನೂ ನೋಡಿದೆ. ಮುಚ್ಚಿದ ಅಂಗಡಿ ಮುಂದೆ ನಿಂತು ಕೂದಲು ಸರಿಮಾಡ್ಕೊಳ್ತಾಳೆ. ಯಾರ ಮನೆಗೆ ಹೋಗಲೇಬಾರದು ಅಂದ್ಕೊಂಡಿರ್ತೀವೋ ಅಲ್ಲಿಗೆ ಹೋಗುವಾಗ ಹಾಗೇ ಮಾಡೋದು ನಾವು. ಇದು ಬರೆದವಳಿಗೆ ಹೇಗೆ ಗೊತ್ತಾಯ್ತು? ಕೈ ನಿಂತೇಬಿಡ್ತು ನಂದು. ಅಲ್ಲೀವರೆಗೆ ಪುಸ್ತಕ ಅಂದ್ರೆ ನನಗೆ ತೂಕ ಅಷ್ಟೆ."

ಫಾರಂನ ಕೊನೆಯ ಸಾಲಿನಲ್ಲಿ ತಂಗಿ ಅಕ್ಕನ ಮನೆ ಮುಟ್ಟುತ್ತಾಳೆ. 'ಅವಳು ಕೈ ಎತ್ತಿ ಬಾಗಿಲ' ಎಂಬಲ್ಲಿಗೆ ಪುಟ ಮುಗಿದಿತ್ತು. ವಾಕ್ಯದ ಉಳಿದ ಭಾಗ ಮುಂದಿನ ಫಾರಂನಲ್ಲಿ, ಒಂದು ಮೊಳ ದೂರದಲ್ಲಿ, ದೊಡ್ಡಕ್ಕನ ಕೈಯಲ್ಲಿತ್ತು.

"ಎರಡು ದಿನ ತಡೆದೆ. ಬಾಗಿಲ ಏನು? ತಟ್ಟಿದ್ಲೋ, ದೂಡಿದ್ಲೋ? ಕಳ್ಳಗಣ್ಣಲ್ಲಿ ನೋಡೋಣ ಅಂದ್ರೆ ಅವಳು ಮಡಿಸಿದ್ದನ್ನೆಲ್ಲ ಬೋರಲು ಹಾಕಿ ಇಡ್ತಿದ್ಲು." ಮೂರನೆಯ ದಿನ ಮಧ್ಯಾಹ್ನ ಅವರ ಬಾಯಿಂದ ಮಾತು ಬಿದ್ದೇ ಹೋಯಿತು. "ಅವಳು ಬಾಗಿಲು ತಟ್ಟಿದ್ಲಾ?" ಎಂದರು, ಮೇಜಿಗೆ ಹೇಳಿದ ಹಾಗೆ. ಮಗು ಹೋದ ಮೇಲೆ ಓರಗಿತ್ತಿಗೆ ಆಡಿದ ಮೊದಲ ಮಾತು ಅದು. ಸಾಲಿನಲ್ಲಿದ್ದ ಹೆಂಗಸರೆಲ್ಲರ ಕೈ ನಿಂತಿತು.

ದೊಡ್ಡಕ್ಕ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಪೂರ್ತಿ ಮಡಿಸಿ ಇಟ್ಟರು. "ಇಲ್ಲ. ತಟ್ಟೋದಿಲ್ಲ. ಹಾಗೇ ವಾಪಸ್ ಹೋಗ್ತಾಳೆ," ಅಂದರು. ಮತ್ತೂ ಎರಡು ಹಾಳೆ ಮಡಿಸಿದ ಮೇಲೆ ಇನ್ನೊಂದು ಮಾತು ಸೇರಿಸಿದರು: "ಆದ್ರೆ ಒಳಗಿದ್ದ ಅಕ್ಕನಿಗೆ ಗೊತ್ತಾಗುತ್ತೆ. ಬಂದು ನಿಂತು ಹೋದದ್ದು. ಹೆಜ್ಜೆ ಕೇಳಿಸಿರುತ್ತೆ."

"ಅವತ್ತು ಸಾಯಂಕಾಲ ನಾಲ್ಕು ಮಾರು ಹಿಂದೆಮುಂದೆ ಮನೆಗೆ ನಡೆದ್ವಿ. ಮಾರನೇ ದಿನ ಎರಡು ಮಾರು. ವಾರ ಕಳೆಯೋದ್ರೊಳಗೆ ಜೊತೆಗೆ," ಎನ್ನುತ್ತಾರೆ ಚಿಕ್ಕಕ್ಕ. ಮಗುವಿನ ಮಾತು ಇಬ್ಬರೂ ಎತ್ತಲಿಲ್ಲ. ದಾರಿಯುದ್ದಕ್ಕೂ ಕಾದಂಬರಿಯ ಅಕ್ಕತಂಗಿಯರದೇ ಸುದ್ದಿ. ಹಲಗೆಯ ಗೋಡೆಯೂ ಹಾಗೇ ಉಳಿಯಿತು. "ತೆಗೆಯೋಣ ಅಂದ್ರೆ ಅಷ್ಟೊತ್ತಿಗೆ ಎರಡೂ ಕಡೆ ಪಾತ್ರೆ ತೂಗುಹಾಕಿ ಆಗಿತ್ತು."

ಆಮೇಲೆ ಊಟದ ಹೊತ್ತಿನಲ್ಲಿ ಕತೆ ಕೂಡಿಸುವುದು ಇಲ್ಲಿ ರೂಢಿಯಾಯಿತು. ಮೊದಲ ಫಾರಂನವಳು ಶುರು ಮಾಡಬೇಕು, ಎರಡನೆಯವಳು ಮುಂದುವರಿಸಬೇಕು, ಹೀಗೆ ಕೊನೆಯವರೆಗೆ. ಓದಲು ಬಾರದವಳ ಫಾರಂ ಬಂದಾಗ ಕತೆಯಲ್ಲಿ ಗುಂಡಿ ಬೀಳುತ್ತಿತ್ತು. ಎಲ್ಲರೂ ಸೇರಿ ಊಹೆಯಿಂದ ಅದನ್ನು ಮುಚ್ಚುತ್ತಿದ್ದರು. ಒಬ್ಬಾಕೆಗೆ ಮಾತ್ರ ಕೊನೆಯ ಫಾರಂ ಕೊಡಬಾರದೆಂದು ಎಲ್ಲರೂ ಮಾಲೀಕರ ಮುಂದೆ ನಿಂತಿದ್ದರಂತೆ. ಬೆಳಗ್ಗೆ ಚಪ್ಪಲಿ ಬಿಡುವ ಮೊದಲೇ ಯಾರು ಸತ್ತರೆಂದು ಹೇಳಿಬಿಡುತ್ತಿದ್ದಳು.

ಎರಡು ವರ್ಷದ ನಂತರ ಚಿಕ್ಕಕ್ಕನ ಕೈಗೆ ಇನ್ನೊಂದು ಕಾದಂಬರಿಯ ಮೂರನೆಯ ಫಾರಂ ಬಂತು. ಅದರಲ್ಲಿ ಮುದುಕನೊಬ್ಬ ಕನ್ನಡಕ ಹುಡುಕುತ್ತಾ ಮನೆಯೆಲ್ಲ ತಿರುಗುತ್ತಾನೆ, ಸೊಸೆ ಸುಮ್ಮನೆ ನೋಡುತ್ತಿರುತ್ತಾಳೆ. ಐದನೆಯ ಸಾಲಿಗೆ ಚಿಕ್ಕಕ್ಕನ ಕೈ ಮತ್ತೆ ನಿಂತಿತು. "ಅಕ್ಕ, ಇದು ಅವಳೇ, ಆ ಅಕ್ಕತಂಗೀರ ಕತೆ ಬರೆದೋಳು," ಅಂದರು. ದೊಡ್ಡಕ್ಕ ಹಾಳೆಯನ್ನು ತನ್ನ ಕಡೆಗೆಳೆದು ಒಂದು ಪ್ಯಾರಾ ಓದಿ, "ಹೂಂ ಕಣೆ, ಅವಳೇ," ಅಂದರು. ಮಾಲೀಕರು ಮುಖಪುಟ ತಂದು ತೋರಿಸಿದಾಗ, ಅಂದು ಮೊದಲ ಫಾರಂನವಳು ಓದಿ ಹೇಳಿದ್ದ ಹೆಸರೇ ಅದರ ಮೇಲಿತ್ತು. ಆ ದಿನ ಹೇಗಿತ್ತೆಂದು ಕೇಳಿದರೆ ಚಿಕ್ಕಕ್ಕ ಪಟ್ಟಿಯನ್ನು ಕೆಳಗಿಡುತ್ತಾರೆ. ನಾನು ಬಂದ ಮೇಲೆ ಅದು ಮೊದಲ ಸಲ ಮೇಜಿಗೆ ತಾಗಿದ್ದು. "ಹೊಸ ಊರಲ್ಲಿ ಇಳಿದಾಗ ಜನದ ಮಧ್ಯೆ ಗೊತ್ತಿರೋ ಮುಖ ಕಂಡ್ರೆ ಹೇಗಾಗುತ್ತೆ? ಹಾಗೆ. ಅವಳಿಗೆ ನಾವು ಗೊತ್ತಿಲ್ಲ, ಅದು ಬೇರೆ ಮಾತು."

ಆಕೆಯ ಪುಸ್ತಕಗಳು ಮಾರಾಟವಾಗಲಿಲ್ಲ. ಮಾಲೀಕರು ಗಾಜಿನ ಲೋಟದಲ್ಲಿ ಚಹಾ ಕೊಡುತ್ತಾ ಈ ಮಾತು ಹೇಳುತ್ತಾರೆ: "ಇವರಿಬ್ಬರು ಮೆಚ್ಚಿದ್ದು ಯಾವುದೂ ಓಡಲಿಲ್ಲ ನೋಡಿ. ಇವರು ಮುಖ ಗಂಟು ಹಾಕ್ಕೊಂಡು ಮಡಿಸಿದ್ದೆಲ್ಲ ಮೂರುಮೂರು ಸಲ ಅಚ್ಚಾಯ್ತು." ಚಿಕ್ಕಕ್ಕ ಅಲ್ಲಗಳೆಯುವುದಿಲ್ಲ.

ಒಟ್ಟು ನಾಲ್ಕು ಕಾದಂಬರಿ ಬಂದವು. ಐದನೆಯದಕ್ಕಾಗಿ ಓರಗಿತ್ತಿಯರು ಕಾದರು. ಕಾಯುವ ನಡುವೆ ದೊಡ್ಡಕ್ಕನ ಗಂಡ ತೀರಿಕೊಂಡರು, ಸಕ್ಕರೆ ಕಾಯಿಲೆ ದೊಡ್ಡಕ್ಕನ ಕಣ್ಣಿಗಿಳಿಯಿತು. ಮಡಿಕೆ ಅಂಚು ತಪ್ಪತೊಡಗಿದಾಗ ಅವರೇ ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ಹೋದ ವರ್ಷ ಆ ಲೇಖಕಿಯ ಹೆಸರಿನ ಅಟ್ಟಿ ಮತ್ತೆ ಬಂದಾಗ ಚಿಕ್ಕಕ್ಕ ಹೊಸದೆಂದೇ ತಿಳಿದರು. ಬಿಚ್ಚಿ ನೋಡಿದರೆ ಮೊದಲ ಕಾದಂಬರಿಯ ಮರುಮುದ್ರಣ. ಹಿಂಬದಿಯ ರಕ್ಷಾಪುಟದಲ್ಲಿ ಆಕೆಯ ಫೋಟೋ ಇತ್ತು. ಕೆಳಗೆ ಎರಡು ಇಸವಿಗಳಿದ್ದವು, ನಡುವೆ ಒಂದು ಅಡ್ಡಗೆರೆ.

"ಮುಖ ನೋಡಿದ್ದೂ ಅವತ್ತೇ, ಹೋದದ್ದು ಗೊತ್ತಾದದ್ದೂ ಅವತ್ತೇ. ತೆಳ್ಳಗಿದ್ಲು. ನಾವು ದಪ್ಪ ಅಂದ್ಕೊಂಡಿದ್ವಿ."

ಆ ಸಲ ಒಂದು ಪ್ರತಿಗೆ ರಟ್ಟು ತಲೆಕೆಳಗಾಗಿ ಅಂಟಿಕೊಂಡಿತು. ಮಾರುವ ಹಾಗಿಲ್ಲದ ಆ ಪ್ರತಿಯನ್ನು ಮಾಲೀಕರು ಚಿಕ್ಕಕ್ಕನಿಗೆ ಕೊಟ್ಟರು. ಮೊದಲಿನಿಂದ ಕೊನೆಯವರೆಗೆ ಇಡಿಯಾಗಿ ಇವರ ಕೈಗೆ ಬಂದ ಮೊದಲ ಕಾದಂಬರಿ ಅದು. ಕೆಲಸ ಮುಗಿಸಿ ಹೋಗಿ, ಕತ್ತಲಾಗುವ ಮುಂಚೆ, ಜಗುಲಿಯಲ್ಲಿ ದೊಡ್ಡಕ್ಕನ ಪಕ್ಕ ಕುಳಿತು ದಿನಕ್ಕಷ್ಟು ಓದಿ ಹೇಳತೊಡಗಿದರು. ಮೊದಲ ಐದು ಫಾರಂ ಇಬ್ಬರಿಗೂ ಹೊಸತು. ಬೇರೆಯವರು ಬಾಯಲ್ಲಿ ಹೇಳಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಆರನೆಯದು ಬಂದಾಗ ಚಿಕ್ಕಕ್ಕನಿಗೆ ಪುಸ್ತಕ ನೋಡುವ ಅಗತ್ಯವೂ ಬೀಳಲಿಲ್ಲ. ಪುಟ ತಿರುಗಿಸಿದರು. ತಂಗಿ ಬಾಗಿಲು ತಟ್ಟದೆ ಹಿಂದಿರುಗುತ್ತಾಳೆ, ಸರಿ. ಒಳಗೆ ಅಕ್ಕ ಮಲಗಿದ್ದಾಳೆ. ಗಾಢ ನಿದ್ದೆ. ಆಕೆಗೆ ಯಾವ ಹೆಜ್ಜೆಯೂ ಕೇಳುವುದಿಲ್ಲ. ತಂಗಿ ಬಂದಿದ್ದಳೆಂಬುದು ಪುಸ್ತಕ ಮುಗಿದರೂ ಅವಳಿಗೆ ತಿಳಿಯುವುದಿಲ್ಲ.

"ಹೊಸ ಅಚ್ಚಲ್ಲಿ ಒಂದೆರಡು ಸಾಲು ಬಿಟ್ಟುಹೋಗಿರ್ಬೇಕು ಅಂದ್ಕೊಂಡೆ. ಅಕ್ಕ, ಹೆಜ್ಜೆ ಕೇಳೋ ಮಾತು ಇದರಲ್ಲಿ ಇಲ್ಲ ಅಂದೆ. ಅವಳು ನಕ್ಕಳು. ಮೊದಲೂ ಇರಲಿಲ್ಲ ಬಿಡು, ಅಂದ್ಲು. ಅದು ನಾನು ಹೇಳಿದ್ದು."

ದೊಡ್ಡಕ್ಕ ಆ ಸಂಜೆ ಹೇಳಿದ್ದನ್ನು ಚಿಕ್ಕಕ್ಕ ನನಗೆ ನಿಧಾನವಾಗಿ, ಒಂದೊಂದೇ ವಾಕ್ಯವಾಗಿ ಹೇಳುತ್ತಾರೆ. "ನೀನು ಬೆಳಗಿನ ಹೊತ್ತು ನೀರಿಗೆ ಹೋಗುವಾಗ ಕೊಡ ಹಿಡ್ಕೊಂಡು ನನ್ನ ಬಾಗಿಲ ಹತ್ರ ನಿಲ್ತಿದ್ದೆಯಲ್ಲ, ನನಗೆ ಕೇಳಿಸ್ತಿತ್ತು ಕಣೆ. ಇವತ್ತು ತಟ್ತಾಳೆ, ಇವತ್ತು ತಟ್ತಾಳೆ ಅಂತ ನಾನೂ ಒಳಗೆ ನಿಂತಿರ್ತಿದ್ದೆ. ಅಷ್ಟು ವರ್ಷ. ಅದನ್ನ ಹೇಳೋದು ಹೇಗೆ ಅಂತ ಗೊತ್ತಾಗದೆ ಪುಸ್ತಕದ ಮೇಲೆ ಹಾಕಿ ಹೇಳಿದೆ."

ನಿಜಕ್ಕೂ ನಿಲ್ಲುತ್ತಿದ್ದಿರಾ ಎಂದು ಕೇಳುತ್ತೇನೆ. ಹೂಂ ಎನ್ನುತ್ತಾರೆ. ಯಾಕೆಂದು ಅವರಿಗೂ ತಿಳಿಯದು. "ಬೈಯೋಕಂತೂ ಅಲ್ಲ. ಅವನು ಹೋದ ಮನೆ ಅದು. ಕಾಲು ಅಲ್ಲಿ ತಾನಾಗೇ ನಿಲ್ತಿತ್ತು."

ಆ ಸಂಜೆ ದೊಡ್ಡಕ್ಕ ಇನ್ನೂ ಒಂದು ಮಾತು ಹೇಳಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ಯಾರೂ ಅವರನ್ನು ಕೇಳಿರದ ಮಾತು. "ಮಧ್ಯಾಹ್ನ ಮುಟ್ಟಿ ನೋಡಿದೆ, ಮೈ ತಣ್ಣಗಿತ್ತು. ಜ್ವರ ಬಿಡ್ತು ಅಂತ ಖುಷಿಪಟ್ಟೆ. ಏಳಿಸಬಾರದು ಅಂತ ಹೊದಿಕೆ ಸರಿಮಾಡಿ ಈಚೆ ಬಂದು ಪಾತ್ರೆ ತೊಳೆದೆ."

ಚಿಕ್ಕಕ್ಕ ಮುಂದಿನ ಹಾಳೆ ಎಳೆದುಕೊಂಡು ಮಡಿಸುತ್ತಾರೆ. ನೀವೇನು ಹೇಳಿದಿರಿ ಎಂದು ನಾನು ಕೇಳುವುದಿಲ್ಲ. ಅವರೇ ಹೇಳುತ್ತಾರೆ: "ನನ್ನ ಬಾಯಿಂದ ಬಂದಿದ್ದ ಮಾತು ವಾಪಸ್ ತಗೊಳ್ಳೋಕೆ ಅವಳು ಇಷ್ಟು ವರ್ಷ ಜಾಗ ಬಿಟ್ಟಿದ್ಲು. ನನಗೇ ಗೊತ್ತಾಗಲಿಲ್ಲ. ಅವಳ ಕೈ ಹಿಡ್ಕೊಂಡು ಕೂತೆ. ಬೆಳಕು ಇರೋವರೆಗೆ ಮುಂದಿನ ಪುಟ ಓದಿದೆ."

ಕಾದಂಬರಿ ಮುಗಿಯಿತು. ಎರಡನೆಯ ಸಲ ಶುರು ಮಾಡಿದರು, ಅದು ಮುಗಿಯಲಿಲ್ಲ. ದೊಡ್ಡಕ್ಕ ತೀರಿಕೊಂಡು ಆರೇಳು ತಿಂಗಳಾಗಿದೆ. ಮೇಜಿನಲ್ಲಿ ಅವರು ನಿಲ್ಲುತ್ತಿದ್ದ ಜಾಗದಲ್ಲಿ ಈಗ ರಟ್ಟಿನ ಕಟ್ಟುಗಳನ್ನು ಪೇರಿಸಿದ್ದಾರೆ. ಸಾಲಿನಲ್ಲಿದ್ದ ಹೆಂಗಸರೂ ಕರಗಿಹೋಗಿ ಈಗ ಚಿಕ್ಕಕ್ಕನ ಜೊತೆ ಇನ್ನಿಬ್ಬರು ಮಾತ್ರ ಉಳಿದಿದ್ದಾರೆ. ಊಟದ ಹೊತ್ತಿನಲ್ಲಿ ಅವರು ಮೊಬೈಲ್ ನೋಡುತ್ತಾರೆ. ಪಕ್ಕದ ಕೋಣೆಯ ನೆಲ ಅಗೆದು ಹೊಸದಾಗಿ ಗಾರೆ ಹಾಕಿಸಿದ್ದಾರೆ, ಮಡಿಸುವ ಯಂತ್ರ ಕೂರಿಸಲು. ಗಾರೆ ಇನ್ನೂ ಹಸಿಯಾಗಿದೆ. "ಇವರನ್ನ ಬಿಡೋದಿಲ್ಲ, ಲೇಬಲ್ ಅಂಟಿಸೋ ಕೆಲಸ ಇದ್ದೇ ಇದೆ," ಎನ್ನುತ್ತಾರೆ ಮಾಲೀಕರು. ಲೇಬಲ್ಲಿನ ಮೇಲೆ ಓದುವಂಥದ್ದು ಏನಿರುತ್ತದೆಂದು ಚಿಕ್ಕಕ್ಕ ಕೇಳುವುದಿಲ್ಲ.

ಅವರ ಕೈಯಲ್ಲಿ ಈಗಿರುವುದು ಯಾರೋ ಹೊಸಬನ ಮೊದಲ ಕಥಾಸಂಕಲನ. ಮುನ್ನೂರು ಪ್ರತಿ. ಎರಡನೆಯ ಫಾರಂ. ನಾನು ಏಳಲು ಹೊರಟಾಗ ಅವರು ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿ, ಬೆರಳಿಟ್ಟು ತೋರಿಸುತ್ತಾರೆ. ನನಗೆ ತಲೆಕೆಳಗಾಗಿ ಕಾಣುವ ಆ ಸಾಲುಗಳನ್ನು ತಾವೇ ಓದಿ ಹೇಳುತ್ತಾರೆ. ಒಬ್ಬ ಗಂಡಸು ಸತ್ತ ಹೆಂಡತಿಯ ಚಪ್ಪಲಿಯನ್ನು ದುರಸ್ತಿಗೆ ಕೊಡಲು ಹೋಗುವ ಕತೆ. ಅವರ ದನಿ ಬದಲಾಗಿದೆ. ಬೆಳಗಿನಿಂದ ಕೇಳಿದ ದನಿಗಿಂತ ಹತ್ತು ವರ್ಷ ಚಿಕ್ಕದು.

"ಇವನು ಬರೀತಾನೆ," ಎನ್ನುತ್ತಾರೆ. "ಇನ್ನೂ ಕೆಲವು ಕಡೆ ಜಾಸ್ತಿ ಮಾತಾಡ್ತಾನೆ. ಆದ್ರೆ ಇವನಿಗೆ ಕಣ್ಣಿದೆ. ನಿನ್ನೆ ಇದನ್ನ ಓದಿ ಪಕ್ಕಕ್ಕೆ ತಿರುಗಿದೆ, ಹೇಳೋಣ ಅಂತ. ರಟ್ಟಿನ ಕಟ್ಟು."

ನಿಮಗೆ ಏನಾಗಬೇಕು, ಏನು ಆಸೆ ಎಂದು ಕೊನೆಯಲ್ಲಿ ಕೇಳುತ್ತೇನೆ. ಇಂಥ ಬರಹಕ್ಕೆ ಕೇಳಲೇಬೇಕಾದ ಪ್ರಶ್ನೆ. ಅವರು ಹಾಳೆಯನ್ನು ಹಿಂದಕ್ಕೆಳೆದು ಮಡಿಸುತ್ತಾ ಯೋಚಿಸುತ್ತಾರೆ.

"ಈ ಹುಡುಗ ಇನ್ನೊಂದು ಪುಸ್ತಕ ಬರೀಲಿ. ಆ ಗಾರೆ ಒಣಗೋದ್ರೊಳಗೆ ಬರೀಲಿ ಅಂತ ಆಸೆ. ಆದ್ರೆ ಬೇಗ ಬರಿ ಅಂತ ಹೇಳೋಕೆ ಬರಲ್ಲ, ನೋಡಿ. ಅವಸರದಲ್ಲಿ ಬರೆದದ್ದಾದ್ರೆ ಮಡಿಸೋ ಕೈಗೇ ಗೊತ್ತಾಗಿಬಿಡುತ್ತೆ."